ಬರವೂ ನೆರೆಯೂ ಒಂದೇ ನೆಲದಲ್ಲಿ
(ಕನ್ನಡ ಮಾಧ್ಯಮ ಶಿಕ್ಷಕರ ಪ್ರಶಿಕ್ಷಣ ವರ್ಗದ ಉಪನ್ಯಾಸ)



ಹವಾಮಾನ ಬದಲಾವಣೆಯ ಪಾಠವು ಸಾಮಾನ್ಯವಾಗಿ ಕರಗುವ ಹಿಮದಿಂದ, ಏರುವ ಕಡಲಿನಿಂದ ಆರಂಭವಾಗುತ್ತದೆ. ಮಂಗಳವೇಢೆ ತಾಲ್ಲೂಕಿನ ನಂದೇಶ್ವರದ ಮಗುವಿಗಾಗಲಿ, ಅಕ್ಕಲಕೋಟೆ ತಾಲ್ಲೂಕಿನ ಬೋರಿ ನದಿಯ ದಂಡೆಯ ಮಗುವಿಗಾಗಲಿ ಹಿಮವೂ ಕಡಲೂ ಚಿತ್ರದಲ್ಲಿ ಮಾತ್ರ ಕಂಡ ವಸ್ತುಗಳು. ಆ ಮಗು ಕಣ್ಣಾರೆ ಕಂಡಿರುವುದು ಬೇರೆ. ಮೃಗಶಿರಾ, ಆರಿದ್ರಾ ಎರಡೂ ಕಳೆದರೂ ಬಾರದ ಮಳೆ, ಟ್ಯಾಂಕರಿನ ಮುಂದೆ ಸಾಲುಗಟ್ಟಿದ ಕೊಡಗಳು, ಕೊಯ್ಲಿಗೆ ಬಂದ ಜೋಳದ ಮೇಲೆ ಸುರಿದ ಆಲಿಕಲ್ಲು, ಒಂದೇ ರಾತ್ರಿಯಲ್ಲಿ ಒಡೆದುಹೋದ ಹೊಲದ ಒಡ್ಡು: ಇವು ಅದರ ಅನುಭವಗಳು. ಪರಿಚಿತದಿಂದ ಅಪರಿಚಿತದೆಡೆಗೆ ಸಾಗುವುದು ಬೋಧನೆಯ ಹಳೆಯ ಸೂತ್ರ. ಆದುದರಿಂದ ಈ ಪಾಠವೂ ಹೊಲದಿಂದಲೇ ಆರಂಭವಾಗುವುದು ಯುಕ್ತ.

ನೆಲದ ಸ್ವರೂಪ

ಸೋಲಾಪುರ ಜಿಲ್ಲೆಯು ಸಹ್ಯಾದ್ರಿಯ ಮಳೆನೆರಳಿನ ಪ್ರದೇಶದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಘಟ್ಟದ ಪಶ್ಚಿಮಕ್ಕೇ ತಮ್ಮ ಭಾರವನ್ನು ಇಳಿಸಿ, ಇತ್ತ ಹಗುರಾಗಿ ಬರುತ್ತವೆ. ವರ್ಷದ ಸರಾಸರಿ ಮಳೆ ಸುಮಾರು 500 ಮಿ.ಮೀ.ಗಳ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರ್ ತಿಂಗಳಿನ ಸುತ್ತ. ಹೀಗಾಗಿ ಇಲ್ಲಿನ ರೈತರ ಭರವಸೆ ಮುಂಗಾರಿಗಿಂತ ಹಿಂಗಾರಿಯ ಮೇಲೆಯೇ ಹೆಚ್ಚು.

ಜಿಲ್ಲೆಯ ಮಧ್ಯದಲ್ಲಿ ಭೀಮಾ ನದಿ ಹರಿಯುತ್ತದೆ. ಪಂಢರಪುರದಲ್ಲಿ ಅದಕ್ಕೆ ಚಂದ್ರಭಾಗಾ ಎಂಬ ಹೆಸರು. 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ಸಾಮರ್ಥ್ಯ ಸುಮಾರು 117 ಟಿ.ಎಂ.ಸಿ. ಆದರೆ ಈ ಜಲಾಶಯ ತುಂಬುವುದು ಸೋಲಾಪುರದ ಮಳೆಯಿಂದಲ್ಲ, ಪುಣೆಯ ಮೇಲ್ಭಾಗದ ಘಟ್ಟಗಳ ಮಳೆಯಿಂದ. ಕಾಲುವೆ ತಲುಪಿದ ಹಳ್ಳಿಗೆ ಒಂದು ಭಾಗ್ಯ, ತಲುಪದ ಹಳ್ಳಿಗೆ ಇನ್ನೊಂದು. ಮಂಗಳವೇಢೆಯ ದಕ್ಷಿಣ ಭಾಗದ ಮಾಳದ ಹಳ್ಳಿಗಳು ನೀರಾವರಿಗಾಗಿ ದಶಕಗಳಿಂದ ಬೇಡಿಕೆ ಸಲ್ಲಿಸುತ್ತಲೇ ಬಂದಿವೆ. ಒಂದೇ ತಾಲ್ಲೂಕಿನಲ್ಲಿ ಒಂದು ಶಾಲೆಯ ಸುತ್ತ ಕಬ್ಬಿನ ಹಸಿರು, ಇನ್ನೊಂದರ ಸುತ್ತ ಬರಿಯ ಬಾನು ಕಾಣುವುದು ಈ ಕಾರಣದಿಂದ.

ಎರಡು ಅತಿರೇಕಗಳು, ಒಂದೇ ಕಾರಣ

‘ಭೂಮಿ ಬಿಸಿಯಾದರೆ ಬರ ಬರಬೇಕು, ಹಾಗಿದ್ದರೆ ನೆರೆ ಏಕೆ ಬರುತ್ತದೆ?’ ವರ್ಗದಲ್ಲಿ ಯಾವುದಾದರೊಂದು ಮಗು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ. ಇದು ಜಾಣ ಪ್ರಶ್ನೆ. ಇದಕ್ಕೆ ಉತ್ತರವೂ ಸರಳವಾಗಿದೆ.

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳನ್ನು ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಈ ಅನಿಲದ ಪಾಲು ಸುಮಾರು 280 ಇದ್ದಿತು. ಈಗ ಅದು 420ನ್ನು ದಾಟಿದೆ. ಈ ಅನಿಲವು ನೆಲದಿಂದ ಹೊರಟ ಶಾಖವನ್ನು ತಡೆದು ಹಿಡಿಯುತ್ತದೆ. ಭಾರತದ ಸರಾಸರಿ ಉಷ್ಣತೆಯು 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯು ಹೇಳುತ್ತದೆ.

ಬಿಸಿಯಾದ ಗಾಳಿಗೆ ಬಾಯಾರಿಕೆ ಹೆಚ್ಚು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯು ಸುಮಾರು 7 ಪ್ರತಿಶತ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಮಳೆಯಿಲ್ಲದ ದಿನಗಳಲ್ಲಿ ಅದು ನೆಲದ ಹಸಿಯನ್ನು, ಕೆರೆಯ ನೀರನ್ನು, ಎಲೆಯ ತೇವವನ್ನು ಹೆಚ್ಚು ಹೆಚ್ಚಾಗಿ ಹೀರುತ್ತದೆ. ಅದೇ ಬರದ ತೀವ್ರತೆ. ಮಳೆಗೆ ಅನುಕೂಲವಾದ ಸನ್ನಿವೇಶ ಒದಗಿದಾಗ ಹೀರಿಟ್ಟ ಅಷ್ಟನ್ನೂ ಒಮ್ಮೆಲೇ ಸುರಿಸುತ್ತದೆ. ಅದೇ ನೆರೆಯ ರಭಸ. ಹೀಗೆ ವರ್ಷದ ಒಟ್ಟು ಮಳೆ ಬಹಳ ಬದಲಾಗದಿದ್ದರೂ ಮಳೆಯ ದಿನಗಳು ಕಡಿಮೆಯಾಗಿ, ಒಂದೊಂದು ದಿನದ ಮಳೆ ಹೆಚ್ಚಾಗಬಹುದು. ಅಂಕಿಯಲ್ಲಿ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಹೊಲದಲ್ಲಿ ಬೆಳೆ ಇರುವುದಿಲ್ಲ.

ಇದಕ್ಕೆ ಸಮೀಪದ ಉದಾಹರಣೆಗಳಿವೆ. 2020ರ ಅಕ್ಟೋಬರ್ 13ರಂದು ಬಂಗಾಳಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡವನ್ನು ದಾಟಿ ಪಶ್ಚಿಮಕ್ಕೆ ಸಾಗಿತು. ಮರುದಿನ ಸೋಲಾಪುರ ಜಿಲ್ಲೆಯಲ್ಲಿ ಸುರಿದ ಮಳೆಗೆ ಹಳ್ಳಕೊಳ್ಳಗಳು ಉಕ್ಕಿದವು. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳು ತೀವ್ರ ಹಾನಿಗೆ ಒಳಗಾದವು. ಭೀಮೆಯ ಅದೇ ಪ್ರವಾಹವು ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಗೂ ನುಗ್ಗಿತು. ಇನ್ನು 2024ರ ಬೇಸಿಗೆಯಲ್ಲಿ ಉಜನಿಯ ನೀರು ಬಳಕೆಯ ಮಟ್ಟಕ್ಕಿಂತ ಬಹಳ ಕೆಳಗಿಳಿದು, ಮುಳುಗಡೆಯಾದ ಹಳೆಯ ನೆಲ ಮೇಲೆ ಕಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಭೀಮೆಗೆ ನೀರು ಬಿಡಬೇಕಾಯಿತು.

ಇಲ್ಲಿ ಶಿಕ್ಷಕರು ಒಂದು ವಿವೇಕವನ್ನು ಪಾಲಿಸಬೇಕು. ಒಂದು ಬರವನ್ನೋ ಒಂದು ಪ್ರವಾಹವನ್ನೋ ಬೆರಳಿಟ್ಟು ತೋರಿಸಿ ‘ಇದು ಹವಾಮಾನ ಬದಲಾವಣೆಯಿಂದಲೇ ಆಯಿತು’ ಎಂದು ಹೇಳುವುದು ಶಾಸ್ತ್ರೀಯವಲ್ಲ. ಈ ನೆಲದಲ್ಲಿ ಬರ ಹಿಂದೆಯೂ ಇದ್ದಿತು. ‘ಇಂಥ ಅತಿರೇಕಗಳು ಬರುವ ಸಂಭವವೂ ತೀವ್ರತೆಯೂ ಹೆಚ್ಚುತ್ತಿವೆ’ ಎಂಬುದೇ ಸರಿಯಾದ ವಾಕ್ಯ. ಹವೆ ದಿನದ ಮಾತು, ಹವಾಮಾನ ಮೂವತ್ತು ವರ್ಷಗಳ ಮಾತು ಎಂಬ ಭೇದವನ್ನು ಮಕ್ಕಳಿಗೆ ಮೊದಲೇ ತಿಳಿಸಿದರೆ ಈ ಗೊಂದಲ ಉಳಿಯುವುದಿಲ್ಲ.

ಮೂರು ಬೆಳೆಗಳು, ಮೂರು ಪಾಠಗಳು

ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮೋಹೋಳದ ಸಂಶೋಧನ ಕೇಂದ್ರದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದು ಬೆಳೆಸಿದ ‘ಎಂ 35-1’ ತಳಿಯು ಮಹಾರಾಷ್ಟ್ರ, ಕರ್ನಾಟಕಗಳೆರಡರ ಹಿಂಗಾರಿ ಹೊಲಗಳನ್ನು ಹಲವು ದಶಕಗಳ ಕಾಲ ಆಳಿತು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಬಿತ್ತನೆ. ಬಳಿಕ ಎರೆಭೂಮಿಯು ಒಡಲಲ್ಲಿ ಹಿಡಿದಿಟ್ಟ ಹಸಿ ಮತ್ತು ಚಳಿಗಾಲದ ಇಬ್ಬನಿ. ಇಷ್ಟರಲ್ಲಿಯೇ ಆ ಬೆಳೆ ತೆನೆಗೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವುದು, ಸೀತನಿ ತಿನ್ನುವುದು ಈ ಬೆಳೆಯ ಸುತ್ತ ಬೆಳೆದ ಸಂಸ್ಕೃತಿ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ, ಏನೂ ವ್ಯರ್ಥವಿಲ್ಲ. ಆದರೆ ಸೆಪ್ಟೆಂಬರ್‌ನ ಮಳೆ ಅತಿಯಾದರೆ ಬಿತ್ತನೆ ತಡವಾಗುತ್ತದೆ. ತಡವಾದ ಬೆಳೆಗೆ ಕಾಳು ತುಂಬುವ ಹೊತ್ತಿನಲ್ಲಿ ಹಸಿ ಸಾಲುವುದಿಲ್ಲ. ಫೆಬ್ರವರಿ, ಮಾರ್ಚ್‌ಗಳಲ್ಲಿ ಅಕಾಲ ಮಳೆ ಬಂದರೆ ನಿಂತ ಬೆಳೆ ನೆಲ ಹಿಡಿಯುತ್ತದೆ. 2014ರ ಫೆಬ್ರವರಿ–ಮಾರ್ಚ್‌ನ ಆಲಿಕಲ್ಲಿನ ಮಳೆಯು ಮಹಾರಾಷ್ಟ್ರದ ಅನೇಕ ಜಿಲ್ಲೆಗಳಲ್ಲಿ ಇಂಥದೇ ಹಾನಿಯನ್ನುಂಟುಮಾಡಿತು.

ಎರಡನೆಯದು ದಾಳಿಂಬೆ. ಸೋಲಾಪುರದ ದಾಳಿಂಬೆಗೂ ಭೌಗೋಳಿಕ ಸೂಚಕವಿದೆ. 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವು ಸೋಲಾಪುರದಲ್ಲಿಯೇ ಇದೆ. ಸ್ವಲ್ಪ ನೀರಿನಲ್ಲಿ, ಹಗುರ ನೆಲದಲ್ಲಿ ಬರುವ ಈ ಹಣ್ಣು ಸಾಂಗೋಲೆಯಂಥ ಬರಪೀಡಿತ ತಾಲ್ಲೂಕುಗಳಿಗೆ ಆಸರೆಯಾಯಿತು. ಅದರ ಶತ್ರು ಒಣಹವೆಯಲ್ಲ, ಅಕಾಲದ ತೇವ. ಮೋಡ ಕವಿದು ಮಳೆ ಹಿಡಿದರೆ ‘ತೇಲ್ಯಾ’ ಎಂದು ರೈತರು ಕರೆಯುವ ದುಂಡಾಣು ರೋಗ ಹರಡುತ್ತದೆ. ಬರಕ್ಕೆ ಹೊಂದಿಕೊಂಡ ಬೆಳೆಯು ಅನಿಶ್ಚಿತ ಮಳೆಗೂ ಹೊಂದಿಕೊಂಡಿರಬೇಕೆಂದಿಲ್ಲ.

ಮೂರನೆಯದು ಕಬ್ಬು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಸೋಲಾಪುರವೂ ಒಂದು. ಕಬ್ಬಿಗೆ ಸುಮಾರು 1,500ರಿಂದ 2,500 ಮಿ.ಮೀ. ನೀರು ಬೇಕು, ಮಳೆ ಬೀಳುವುದು 500 ಮಿ.ಮೀ. ಉಳಿದದ್ದು ಕಾಲುವೆಯಿಂದ, ಕೊಳವೆಬಾವಿಯಿಂದ ಬರಬೇಕು. ಆದರೂ ರೈತನನ್ನು ದೂರುವಂತಿಲ್ಲ. ಮಾರುಕಟ್ಟೆಯಲ್ಲಿ ಖಾತ್ರಿಯ ಬೆಲೆ ಸಿಗುವ ಬೆಳೆ ಅದು. ಜೋಳಕ್ಕೆ ಅಂಥ ಖಾತ್ರಿಯಿಲ್ಲ. ಇತ್ತ ನೀರಿಲ್ಲದ ಹಳ್ಳಿಗಳ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೊರಡುತ್ತವೆ; ಅವರೊಡನೆ ಮಕ್ಕಳೂ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ನವೆಂಬರ್‌ನಿಂದ ಕಾಣುವ ಖಾಲಿ ಚೌಕಗಳೂ ಹವಾಮಾನದ ದಾಖಲೆಗಳೇ. ಕನ್ನಡ ಶಾಲೆಗೆ ಇದು ಇನ್ನೂ ಹೆಚ್ಚಿನ ನಷ್ಟ: ಊರು ಬಿಟ್ಟ ಮಗುವಿಗೆ ಹೋದೆಡೆಯಲ್ಲಿ ಕನ್ನಡದ ವರ್ಗ ದೊರೆಯುವುದು ಕಷ್ಟ.

ಹಿರಿಯರು ಕಲಿತದ್ದು

ಹೊಂದಿಕೊಳ್ಳುವಿಕೆ ಎಂಬ ಶಬ್ದ ಹೊಸದು; ಕೆಲಸ ಹಳೆಯದು. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದರು. ಸಿದ್ಧೇಶ್ವರ ಕೆರೆಯು ನಗರದ ನಡುವೆ ಇಂದಿಗೂ ಇದೆ. ಜನರನ್ನು ಕೂಡಿಸಿ ಮಣ್ಣು ಹೊರಿಸಿದ ಆ ಕೆಲಸವೇ ಅವರಿಗೆ ಕರ್ಮಯೋಗಿ ಎಂಬ ಹೆಸರನ್ನು ತಂದಿತು. ಹದಿನೈದನೆಯ ಶತಮಾನದ ಬರಗಾಲದಲ್ಲಿ ಬಹಮನಿ ಅರಸರ ಅಧಿಕಾರಿಯಾಗಿದ್ದ ಮಂಗಳವೇಢೆಯ ದಾಮಾಜಿಪಂತರು ಸರಕಾರದ ಕಣಜಗಳನ್ನು ತೆರೆದು ಜನರಿಗೆ ಧಾನ್ಯ ಹಂಚಿದರು ಎಂಬುದು ಮನೆಮಾತಾದ ಪರಂಪರೆ. ನೀರನ್ನು ಕೂಡಿಡುವುದು, ಕಾಳನ್ನು ಹಂಚಿಕೊಳ್ಳುವುದು: ಬರವನ್ನು ಎದುರಿಸುವ ಎರಡು ಕೈಗಳು ಈ ಎರಡು ಕಥೆಗಳಲ್ಲಿವೆ.

ವಿಜ್ಞಾನದ ಪ್ರಯತ್ನಕ್ಕೂ ಇಲ್ಲಿ ದೀರ್ಘ ಇತಿಹಾಸವಿದೆ. 1933ರ ಸುಮಾರಿಗೆ ಸೋಲಾಪುರ ಮತ್ತು ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಸಮಪಾತಳಿಯ ಒಡ್ಡು ಹಾಕುವುದು, ತಿಪ್ಪೆಗೊಬ್ಬರ ಕೊಡುವುದು, ಬೀಜವನ್ನು ಕಡಿಮೆ ಮಾಡಿ ಸಾಲುಗಳ ಅಂತರವನ್ನು ಹೆಚ್ಚಿಸುವುದು, ಮೇಲಿಂದ ಮೇಲೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ ಹಸಿಯನ್ನು ಕಾಯುವುದು: ‘ಮುಂಬಯಿ ಒಣಬೇಸಾಯ ಪದ್ಧತಿ’ ಎಂದು ಹೆಸರಾದ ಕ್ರಮದ ಮುಖ್ಯ ಅಂಶಗಳಿವು. ತೊಂಬತ್ತು ವರ್ಷಗಳ ಬಳಿಕವೂ ಹವಾಮಾನಕ್ಕೆ ಹೊಂದುವ ಕೃಷಿಯ ಪಟ್ಟಿಯಲ್ಲಿ ಇವು ಮೊದಲ ಸಾಲಿನಲ್ಲಿಯೇ ಇವೆ. ಕೃಷಿಹೊಂಡ, ಹನಿ ನೀರಾವರಿ, ಹವಾಮಾನ ಸಲಹೆ ಈಗ ಅವುಗಳ ಜೊತೆಗೆ ಸೇರಿವೆ.

1972ರ ಬರವನ್ನು ಕಂಡವರು ಪ್ರತಿಯೊಂದು ಊರಿನಲ್ಲಿಯೂ ಇನ್ನೂ ಇದ್ದಾರೆ. ಖಡಿ ಒಡೆಯುವ ಕೆಲಸ, ಸುಕಡಿ, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ ಅವರ ನೆನಪಿನಲ್ಲಿವೆ. ಆ ಸಂಕಟದಿಂದಲೇ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಬೆಳೆಯಿತು. 1977ರಲ್ಲಿ ಅದು ಕಾಯಿದೆಯಾಯಿತು. 2005ರ ರಾಷ್ಟ್ರೀಯ ಕಾಯಿದೆಗೆ ಅದೇ ಮಾದರಿಯಾಯಿತು. ಬರವು ಪ್ರಕೃತಿಯಿಂದ ಬಂದರೂ ಹಸಿವನ್ನು ತಡೆಯುವುದು ಸಮಾಜದ ಕೈಯಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ಹೊಗೆಯ ಲೆಕ್ಕ

ಹೊಂದಿಕೊಳ್ಳುವುದು ಒಂದು ದಾರಿ. ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸುವುದು ಇನ್ನೊಂದು. ಮೊದಲನೆಯದು ಗಾಯಕ್ಕೆ ಮದ್ದು, ಎರಡನೆಯದು ಗಾಯವಾಗದಂತೆ ತಡೆ. 2015ರ ಪ್ಯಾರಿಸ್ ಒಪ್ಪಂದವು ಎರಡನ್ನೂ ಸ್ವೀಕರಿಸಿದೆ. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲುಪುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ ಬರಬೇಕೆಂಬ 2030ರ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು. ಆದರೆ ಸಾಮರ್ಥ್ಯವೇ ಬೇರೆ, ಉತ್ಪಾದನೆಯೇ ಬೇರೆ. ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಸೋಲಾಪುರದ ಬಳಿಯಲ್ಲಿಯೇ 1,320 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಕೇಂದ್ರವಿದೆ. ಅದಕ್ಕೆ ನೀರು ಉಜನಿಯಿಂದ ಬರುತ್ತದೆ. ಬೆಳಕಿಗೂ ನೀರಿಗೂ ಇರುವ ನಂಟನ್ನು ತೋರಿಸಲು ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ.

ಇಲ್ಲಿಯೂ ಒಂದು ಎಚ್ಚರ ಅಗತ್ಯ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಮೀರಿದೆ. ಮಳೆಯನ್ನೇ ನಂಬಿದ ಹಳ್ಳಿಯ ಕುಟುಂಬದ ಪಾಲು ದೇಶದ ಸರಾಸರಿಗಿಂತಲೂ ಕಡಿಮೆ. ‘ಭೂಮಿ ಕೆಟ್ಟದ್ದು ನಿಮ್ಮಿಂದ’ ಎಂಬ ಧ್ವನಿಯಲ್ಲಿ ಅಂಥ ಮಗುವಿಗೆ ಪಾಠ ಹೇಳುವುದು ಅನ್ಯಾಯ. ತಪ್ಪಿನ ಭಾರವನ್ನು ಹೊರಿಸದೆ ಕರ್ತವ್ಯದ ಅರಿವನ್ನು ಮೂಡಿಸಬೇಕು. ಕಬ್ಬಿನ ರವದಿಯನ್ನು ಸುಡದೆ ಹೊಲದಲ್ಲಿಯೇ ಹಾಸಿದರೆ ಹೊಗೆಯೂ ತಪ್ಪುತ್ತದೆ, ಹಸಿಯೂ ಉಳಿಯುತ್ತದೆ. ಯೂರಿಯಾವನ್ನು ಅಳತೆಗೆ ತಕ್ಕಂತೆ ಹಾಕಿದರೆ ಹಣವೂ ಉಳಿಯುತ್ತದೆ, ನೈಟ್ರಸ್ ಆಕ್ಸೈಡೂ ಕಡಿಮೆಯಾಗುತ್ತದೆ. ಸೌರ ಪಂಪಿನಿಂದ ಹಗಲಿನಲ್ಲಿಯೇ ನೀರು ಹಾಯಿಸಬಹುದು. ರಾತ್ರಿಯ ಕರೆಂಟಿಗಾಗಿ ಹಾವು ಚೇಳುಗಳ ನಡುವೆ ಹೋಗುವುದು ತಪ್ಪುತ್ತದೆ. ಆದರೆ ಹಗಲೆಲ್ಲ ಪಂಪ್ ಓಡಿಸಿ ಅಂತರ್ಜಲವನ್ನು ಬರಿದು ಮಾಡಿದರೆ ಒಂದು ಲಾಭವು ಇನ್ನೊಂದು ನಷ್ಟವಾಗುತ್ತದೆ ಎಂಬುದನ್ನೂ ಹೇಳಬೇಕು.

ಎಚ್ಚರಿಕೆಯ ಭಾಷೆ

ಗಡಿನಾಡಿನ ಕನ್ನಡ ಶಾಲೆಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯಿದೆ. ಮಳೆ, ಬಿಸಿಗಾಳಿ, ಪ್ರವಾಹಗಳ ಮುನ್ಸೂಚನೆಗಳು ಮಹಾರಾಷ್ಟ್ರದಲ್ಲಿ ಸಹಜವಾಗಿಯೇ ಮರಾಠಿಯಲ್ಲಿ ಬರುತ್ತವೆ. ಪೇಟೆಗೆ ಹೋಗಿಬರುವವರಿಗೆ ಅವು ತಿಳಿಯುತ್ತವೆ. ಮನೆಯಲ್ಲಿ ಕನ್ನಡವನ್ನೇ ಆಡುವ ಅಜ್ಜಿಗೆ, ಹೊಲದಲ್ಲಿರುವ ತಾಯಿಗೆ ಪೂರ್ತಿ ತಿಳಿಯದೆ ಹೋಗಬಹುದು.

‘ವಿಸರ್ಗ’ ಎಂಬ ಒಂದೇ ಶಬ್ದವನ್ನು ತೆಗೆದುಕೊಳ್ಳಬಹುದು. ಕನ್ನಡ ಮಾಧ್ಯಮದ ಮಗುವಿಗೆ ಅದು ವರ್ಣಮಾಲೆಯ ‘ಅಃ’. ಮರಾಠಿಯ ಸೂಚನೆಯಲ್ಲಿ ಅದರ ಅರ್ಥ, ಜಲಾಶಯದಿಂದ ಬಿಡುವ ನೀರು. ‘ಉಜನಿಯಿಂದ ಒಂದು ಲಕ್ಷ ಕ್ಯೂಸೆಕ್ ವಿಸರ್ಗ’ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ನೀರು ನದಿಗೆ ಇಳಿಯುತ್ತಿದೆ ಎಂದರ್ಥ. ದಂಡೆಯ ದನಕರು, ಪಂಪ್‌ಸೆಟ್‌ಗಳನ್ನು ಕೂಡಲೇ ಮೇಲಕ್ಕೆ ತರಬೇಕೆಂದರ್ಥ. ಹಾಗೆಯೇ ‘ಉಷ್ಣತೇಚೀ ಲಾಟ’ ಎಂದರೆ ಬಿಸಿಗಾಳಿಯ ಅಲೆ; ‘ಗಾರಪೀಟ’ ಎಂದರೆ ಆಲಿಕಲ್ಲಿನ ಮಳೆ; ‘ಅವಕಾಳಿ’ ಎಂದರೆ ಅಕಾಲ ಮಳೆ. ಇಂಥ ಶಬ್ದಗಳ ದ್ವಿಭಾಷಾ ಫಲಕವೊಂದು ಶಾಲೆಯ ಗೋಡೆಯ ಮೇಲಿದ್ದರೆ ಅದು ಭಾಷಾಪಾಠವೂ ಹೌದು, ಪ್ರಾಣರಕ್ಷಣೆಯೂ ಹೌದು.

ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳನ್ನೂ ಕಲಿಸಬೇಕು. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಒಂದು ದಿನದಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’ ಮಳೆ, 115.6 ಮಿ.ಮೀ. ಮುಟ್ಟಿದರೆ ‘ಅತಿ ಭಾರಿ’ ಮಳೆ. ಅಂದರೆ ಸೋಲಾಪುರದ ವರ್ಷದ ಮಳೆಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಒಂದೇ ದಿನದಲ್ಲಿ! ಸಿಡಿಲಿನ ಸೂಚನೆಗೆ ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬಾರದು, ಗುಡುಗು ನಿಂತ ಅರ್ಧ ಗಂಟೆಯವರೆಗೆ ಹೊರಗೆ ಹೋಗಬಾರದು ಎಂಬುದನ್ನು ಮಗು ಮನೆಗೆ ಹೋಗಿ ಕನ್ನಡದಲ್ಲಿ ಹೇಳಿದರೆ ಸಾಕು. ಸರಕಾರದ ಸೂಚನೆ ಮನೆ ಮುಟ್ಟಿದಂತೆ.

ವರ್ಗದ ಉಪಕ್ರಮಗಳು

ಈ ಪಾಠಕ್ಕೆ ಬೆಲೆಯುಳ್ಳ ಸಾಧನಗಳು ಬೇಕಿಲ್ಲ.

ಮೊದಲನೆಯದು, ಮಳೆಮಾಪಕ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ತಿರುವಿ ಆಲಿಕೆಯಂತೆ ಕೂರಿಸಬೇಕು. ತಳದ ಉಬ್ಬುತಗ್ಗು ಮುಚ್ಚುವವರೆಗೆ ಹರಳು, ನೀರು ತುಂಬಿ, ಅಲ್ಲಿಂದ ಮೇಲೆ ಪಟ್ಟಿಯನ್ನು ಅಂಟಿಸಬೇಕು. ಪ್ರತಿದಿನ ಮುಂಜಾನೆ ಒಂದೇ ವೇಳೆಗೆ ಅಳೆದು ಬರೆಯಬೇಕು.

ಎರಡನೆಯದು, ಮಾಳಿಗೆಯ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ 100 ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋದರೂ 40,000 ಲೀಟರ್ ಉಳಿಯುತ್ತದೆ. 80 ಮಕ್ಕಳಿಗೆ ದಿನಕ್ಕೆ ತಲಾ 2 ಲೀಟರಿನಂತೆ ಅದು 250 ದಿನಗಳಿಗೆ ಸಾಕು. ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಈ ಗುಣಾಕಾರ ಬರಿಯ ಗಣಿತವಾಗಿ ಉಳಿಯುವುದಿಲ್ಲ.

ಮೂರನೆಯದು, ವಿದ್ಯುತ್ತಿನ ಲೆಕ್ಕ. 60 ವ್ಯಾಟಿನ ಬಲ್ಬಿನ ಬದಲು 9 ವ್ಯಾಟಿನ ಎಲ್ಇಡಿ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿತಾಯ. ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗ್ರಾಂ ಎಂದು ಹಿಡಿದರೆ 65 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ.

ನಾಲ್ಕನೆಯದು, ಹಿರಿಯರ ಸಂದರ್ಶನ. 1972ರಲ್ಲಿ ಊರಿನ ಬಾವಿ ಎಷ್ಟು ಆಳವಿತ್ತು, ಈಗ ಕೊಳವೆಬಾವಿ ಎಷ್ಟು ಆಳ, ಯಾವ ಮಳೆಗೆ ಯಾವ ಬಿತ್ತನೆ ಆಗುತ್ತಿತ್ತು, ಯಾವ ಕಾಳುಗಳು ಈಗ ಕಾಣುತ್ತಿಲ್ಲ ಎಂದು ಮಕ್ಕಳು ಕೇಳಿ ಬರೆಯಬೇಕು. ಇಯತ್ತೆ ಏಳನೆಯ, ಎಂಟನೆಯ ಮಕ್ಕಳಿಗೆ ಇದು ಭಾಷೆ, ಇತಿಹಾಸ, ವಿಜ್ಞಾನಗಳ ಒಂದೇ ಪ್ರಕಲ್ಪವಾಗುತ್ತದೆ. 2020ರಲ್ಲಿ ಆರಂಭವಾದ ರಾಜ್ಯದ ‘ಮಾಝೀ ವಸುಂಧರಾ’ ಅಭಿಯಾನದ ಭೂಮಿ, ಜಲ, ವಾಯು, ಅಗ್ನಿ, ಆಕಾಶ ಎಂಬ ಐದು ವಿಭಾಗಗಳಿಗೆ ಈ ಉಪಕ್ರಮಗಳನ್ನು ಸುಲಭವಾಗಿ ಹೊಂದಿಸಬಹುದು.

ಐದನೆಯದು ಶಿಕ್ಷಕರದೇ ಕೆಲಸ. ಮಾರ್ಚ್ ಬಳಿಕ ಆಟದ ತಾಸನ್ನು ಮುಂಜಾನೆಗೆ ತರುವುದು, ನೀರು ಕುಡಿಯಲು ನಿಯಮಿತವಾಗಿ ಗಂಟೆ ಬಾರಿಸುವುದು, ತಲೆಸುತ್ತು, ಬೆವರು ನಿಲ್ಲುವುದು, ಅತಿಯಾದ ಆಯಾಸ ಮುಂತಾದ ಲಕ್ಷಣ ಕಂಡ ಮಗುವನ್ನು ಕೂಡಲೇ ನೆರಳಿಗೆ ಒಯ್ದು ಮೈ ಒರೆಸಿ, ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ವಲಸೆ ಹೋಗುವ ಕುಟುಂಬಗಳ ಪಟ್ಟಿಯನ್ನು ದಸರೆಯ ಮೊದಲೇ ಮಾಡಿ, ಮಗುವನ್ನು ಅಜ್ಜ–ಅಜ್ಜಿಯರ ಬಳಿ ಊರಿನಲ್ಲಿಯೇ ಉಳಿಸಲು ಪಾಲಕರ ಮನವೊಲಿಸುವುದು.

ಮಳೆಯ ವಹಿ

ಈ ಎಲ್ಲ ಉಪಕ್ರಮಗಳಲ್ಲಿ ಒಂದನ್ನೇ ಆರಿಸುವುದಾದರೆ ಮಳೆಯ ವಹಿಯನ್ನು ಆರಿಸಬೇಕು. ಒಂದು ವರ್ಷದ ಅಂಕಿಗೆ ಬೆಲೆ ಕಡಿಮೆ. ಹತ್ತು ವರ್ಷಗಳ ಅಂಕಿಗೆ ಬೆಲೆ ಹೆಚ್ಚು. ಒಂದು ವರ್ಗ ಮುಂದಿನ ವರ್ಗಕ್ಕೆ ವಹಿಯನ್ನು ಒಪ್ಪಿಸಬೇಕು. ಬದಲಿಯಾದ ಗುರುಗಳು ಬರುವ ಗುರುಗಳಿಗೆ ಒಪ್ಪಿಸಬೇಕು. ತಾಲ್ಲೂಕಿನ ಮಳೆಮಾಪಕ ದೂರದ ಊರಲ್ಲಿರುತ್ತದೆ. ಹಳ್ಳಿಯಿಂದ ಹಳ್ಳಿಗೆ ಮಳೆ ಬೇರೆಯಾಗುವ ಈ ಪ್ರದೇಶದಲ್ಲಿ ಊರಿನ ಸ್ವಂತ ಲೆಕ್ಕಕ್ಕೆ ಗ್ರಾಮಸಭೆಯಲ್ಲಿಯೂ ತೂಕವಿದೆ. ‘ಈ ಸಲ ಮಳೆ ಕಡಿಮೆ’ ಎನ್ನುವ ಊರಿಗೂ, ‘ಈ ಸಲ ಸೆಪ್ಟೆಂಬರ್‌ನಲ್ಲಿ ಇಷ್ಟು ಮಿ.ಮೀ. ಕಡಿಮೆ, ಇಪ್ಪತ್ತೆರಡು ದಿನ ಮಳೆ ಬಿಡುವು ಕೊಟ್ಟಿತು’ ಎಂದು ವಹಿ ತೆರೆದು ತೋರಿಸುವ ಊರಿಗೂ ಅಂತರವಿದೆ. ಆ ವಹಿ ಕನ್ನಡದಲ್ಲಿರುತ್ತದೆ, ಮಕ್ಕಳ ಕೈಬರಹದಲ್ಲಿರುತ್ತದೆ. ಬರುವ ಜೂನ್‌ನಲ್ಲಿ ಶಾಲೆ ಆರಂಭವಾದ ದಿನವೇ ಅದರ ಮೊದಲ ಪುಟವನ್ನು ತೆರೆಯಬಹುದು.